ಕಾಡಿಗೆಯ ಮೀಸೆ

“ಗುರುಗಳೇ, ಎಷ್ಟು ವಯಸ್ಸಾದ ಮೇಲೆ ಒಂದು ಮಗುವನ್ನು ದೊಡ್ಡ ಗಣಿತಕ್ಕೆ ಬಿಡಬಹುದು?” ಎಂದು ಶಿಷ್ಯ ಕೇಳಿದ.

ಶಿಷ್ಯನ ಹೆಸರು ವಾಮನಮೂರ್ತಿ. ವಿಶ್ವವಿದ್ಯಾಲಯದಲ್ಲಿ ಗಣಿತ ಕಲಿಸುತ್ತಿದ್ದ. ಅಂದು ಭಾನುವಾರ. ಗುರುಗಳು ಹುಣಸೆಹಣ್ಣು ಬಿಡಿಸಿ ಬೀಜ ಬೇರೆ ಮಾಡುತ್ತ ಕುಳಿತಿದ್ದರು. ವಾಮನಮೂರ್ತಿಯ ಜೊತೆಯಲ್ಲಿ ಒಂಬತ್ತನೆಯ ತರಗತಿಯ ಹುಡುಗಿಯೊಬ್ಬಳು ಬಂದಿದ್ದಳು. ಅವಳ ಹೆಸರು ಮಲ್ಲಿಕಾ.

“ಶಾಲೆಯ ಗಣಿತವನ್ನೆಲ್ಲ ಇವಳು ಯಾವಾಗಲೋ ಮುಗಿಸಿದ್ದಾಳೆ” ಎಂದ ವಾಮನಮೂರ್ತಿ. “ನನ್ನ ತರಗತಿಯಲ್ಲಿ ಕೂರುತ್ತೇನೆ ಎನ್ನುತ್ತಾಳೆ. ಕೂರಿಸಿಕೊಳ್ಳಿ ಎಂದು ಕೆಲವರು, ಕೂಡದು ಎಂದು ಕೆಲವರು. ಕೊನೆಗೆ ನಿಯಮ ಬರೆಯುವ ಕೆಲಸ ನನ್ನ ತಲೆಗೆ ಬಂತು. ನಾಳೆಯೇ ಕೊಡಬೇಕು. ಶಾಲೆಯಲ್ಲಿ ಗಣಿತದ ಪೀರಿಯಡ್ಡಿನಲ್ಲಿ ಇವಳು ಈಗ ಬೆಂಚಿನ ಮೇಲೆ ತಲೆಯಿಟ್ಟು ಮಲಗುತ್ತಾಳಂತೆ. ಮೊದಲು ಹಾಗಿರಲಿಲ್ಲವಂತೆ.”

ಗುರುಗಳು ಹುಡುಗಿಯ ಕಡೆಗೆ ತಿರುಗಿದರು. “ಮಗೂ, ದೊಡ್ಡವರ ಮಾತು ಉದ್ದ. ನೀನು ಜಗುಲಿಯ ಮೇಲೆ ಕೂತಿರು. ಬೇಸರವಾದರೆ ಇದರಲ್ಲಿ ಆಡಿಕೋ” ಎಂದು ಬೀಜಗಳ ಬುಟ್ಟಿಯನ್ನು ಅವಳ ಕೈಗೆ ಕೊಟ್ಟರು. ಅವಳು ಹೊರಗೆ ಹೋದಳು. ಗುರುಗಳು ಎದ್ದು, ಸೆಕೆ ಎಂದು ಕಿಟಕಿ ತೆರೆದು ಬಂದು ಕೂತರು. ಆಮೇಲೆ ಹೇಳತೊಡಗಿದರು.

ಒಂದು ಊರಿನಲ್ಲಿ ಒಂದೇ ಅಂಗಳಕ್ಕೆ ಎರಡು ಶಾಲೆಗಳಿದ್ದವು. ಕೆಳಗಿನ ಶಾಲೆಯಲ್ಲಿ ಮಕ್ಕಳು ಅಕ್ಷರ, ಲೆಕ್ಕ ಕಲಿಯುತ್ತಿದ್ದರು. ಸಂಜೆ ಎಲ್ಲರೂ ಅಂಗಳದಲ್ಲಿ ಸಾಲಾಗಿ ಕೂತು ಒಂದೇ ದನಿಯಲ್ಲಿ ಮಗ್ಗಿ ಹೇಳುತ್ತಿದ್ದರು. ಮೇಲಿನ ಶಾಲೆಯಲ್ಲಿ ದೊಡ್ಡವರು ಗ್ರಹಣದ ಲೆಕ್ಕ, ಸಂಖ್ಯೆಗಳ ಗುಟ್ಟು ಕಲಿಯುತ್ತಿದ್ದರು. ಮಗ್ಗಿಯ ಗದ್ದಲ ಒಳಗೆ ಬಾರದಿರಲೆಂದು ಮೇಲಿನ ಶಾಲೆಯ ಕಿಟಕಿಯನ್ನು ಸದಾ ಮುಚ್ಚಿರುತ್ತಿದ್ದರು.

ಮೇಲಿನ ಶಾಲೆಗೆ ಒಂದು ನಿಯಮವಿತ್ತು. ಮೀಸೆ ಚಿಗುರದವನಿಗೆ ಪ್ರವೇಶವಿಲ್ಲ.

ಆಗ ಯಾರೂ ಹುಟ್ಟಿದ ದಿನ ಬರೆದಿಡುತ್ತಿರಲಿಲ್ಲ. ಕೆರೆ ಕೋಡಿ ಬಿದ್ದ ವರ್ಷ ಹುಟ್ಟಿದವನು, ಅದರ ಹಿಂದಿನ ವರ್ಷದವನು ಎನ್ನುತ್ತಿದ್ದರು. ಅದು ನಂಬುವ ಲೆಕ್ಕವಲ್ಲ ಎಂದು ಹಿರಿಯರು ಮೀಸೆಯನ್ನು ನಂಬಿದರು. ಬಾಗಿಲಲ್ಲಿ ಒಬ್ಬ ಮುದುಕ ಕಾವಲಿಗಿದ್ದ. ಹೊಸಬರು ಬಂದರೆ ಹೆಬ್ಬೆರಳಿನಿಂದ ಅವರ ಮೇಲ್ತುಟಿಯನ್ನು ಸವರಿ ನೋಡುತ್ತಿದ್ದ. ಕೂದಲು ಬೆರಳಿಗೆ ಸಿಕ್ಕಿದರೆ, “ನಡಿ ಒಳಗೆ” ಎಂದು ತನ್ನ ಬಿಳಿ ಮೀಸೆಯನ್ನು ಅದೇ ಬೆರಳಿನಿಂದ ಒಮ್ಮೆ ತೀಡಿಕೊಳ್ಳುತ್ತಿದ್ದ.

ನಗಬೇಡ. ಅದು ಕೆಟ್ಟ ನಿಯಮವಾಗಿರಲಿಲ್ಲ. ತಂದೆಯರ ಆತುರದಿಂದ ಅದು ಎಷ್ಟೋ ಮಕ್ಕಳನ್ನು ಕಾಪಾಡಿತ್ತು.

ಒಂದು ದಿನ, ಎಲ್ಲ ದಿನಗಳಂಥದೇ ದಿನ, ಗಾಣಿಗನ ಮಗಳು ಮಗ್ಗಿ ಹೇಳುವುದನ್ನು ನಿಲ್ಲಿಸಿದಳು. ಬೇರೆ ಮಕ್ಕಳು ಹೇಳುತ್ತಿದ್ದರು. ಅವಳು ಬಾಯಿ ಮುಚ್ಚಿ ಕೂತಿದ್ದಳು. ಕೆಳಗಿನ ಶಾಲೆಯ ಅಯ್ಯನವರು, “ಏನೇ, ನಾಲಗೆ ಮನೆಯಲ್ಲೇ ಬಿಟ್ಟು ಬಂದೆಯಾ?” ಎಂದು ಕೇಳಿದರು.

“ಇಲ್ಲ ಅಯ್ಯನವರೇ. ನಮ್ಮ ಎತ್ತು ಗಾಣ ಸುತ್ತುವಾಗ ಅಪ್ಪ ಅದರ ಕಣ್ಣಿಗೆ ಬಟ್ಟೆ ಕಟ್ಟುತ್ತಾನೆ. ನನಗೆ ಅದನ್ನೂ ಯಾರೂ ಕಟ್ಟಿಲ್ಲ” ಎಂದಳು.

ಅಯ್ಯನವರಿಗೆ ಕೋಪ ಬಂತು. ಆದರೆ ಅವರು ನ್ಯಾಯವಂತರು. ಇನ್ನು ಇವಳಿಗೆ ಕಲಿಸುವುದು ತಮ್ಮ ಬಳಿ ಏನೂ ಇಲ್ಲವೆಂದು ಗಾಣಿಗನಿಗೆ ಹೇಳಿ ಕಳುಹಿಸಿದರು. ಗಾಣಿಗ ಅದನ್ನು ಕೇಳಿ ಮಗಳಿಗೆ, “ಓದು ಮುಗಿಯಿತೆಂದರೆ ಒಳ್ಳೆಯದೇ ಆಯಿತು. ಸೋಮವಾರದಿಂದ ಎತ್ತಿನ ಹಿಂದೆ ನೀನು ನಡೆ. ನನ್ನ ಮಂಡಿ ನೋಯುತ್ತದೆ” ಎಂದ. ಅವನೂ ಕೆಟ್ಟವನಲ್ಲ. ಅವನ ಮಂಡಿ ನಿಜವಾಗಿಯೂ ನೋಯುತ್ತಿತ್ತು.

ಸೋಮವಾರಕ್ಕೆ ಮೊದಲು ಹುಡುಗಿ ತಾಯಿಯ ಕಾಡಿಗೆ ಡಬ್ಬಿ ತೆಗೆದಳು. ಮೇಲ್ತುಟಿಯ ಮೇಲೆ ತೆಳ್ಳಗೆ ಒಂದು ಮೀಸೆ ಬರೆದುಕೊಂಡಳು. ಜಡೆಯನ್ನು ರುಮಾಲಿನ ಒಳಗೆ ಸೇರಿಸಿದಳು. ಮೇಲಿನ ಶಾಲೆಯ ಬಾಗಿಲಿಗೆ ಹೋಗಿ ನಿಂತಳು.

ಇಲ್ಲಿಗೆ ಬಂದಾಗ ಕಿಟಕಿಯ ಆಚೆ ಯಾರೋ ಕಿಸಕ್ಕನೆ ನಕ್ಕರು. ಗುರುಗಳು ಮಾತು ನಿಲ್ಲಿಸಿದರು. ಹೊರಗೆ ಮತ್ತೆ ಸದ್ದಿಲ್ಲ. ಮುಂದುವರಿಸಿದರು.

ಮುದುಕನ ಕಣ್ಣು ಮಂದ. ಹೆಬ್ಬೆರಳು ಒತ್ತಿ ಸವರಿದ. ತುಟಿ ಜಿಡ್ಡು ಜಿಡ್ಡಾಗಿ ಸಿಕ್ಕಿತು. “ಏನಪ್ಪ, ಮೀಸೆಗೆ ಎಣ್ಣೆ ಹಚ್ಚುತ್ತೀಯಾ? ಒಳ್ಳೆಯದು, ಬೇಗ ಬೆಳೆಯುತ್ತದೆ. ನಡಿ ಒಳಗೆ” ಎಂದ. ವಾಡಿಕೆಯಂತೆ ತನ್ನ ಮೀಸೆಯನ್ನು ತೀಡಿಕೊಂಡ.

ಒಳಗೆ ಮೇಲಿನ ಶಾಲೆಯ ಗುರುಗಳು ಆ ದಿನದ ಪ್ರಶ್ನೆಯನ್ನು ಮುಂದಿಟ್ಟಿದ್ದರು. ಒಂದು ಸಂಖ್ಯೆಯನ್ನು ಮೂರು ಸಲ ಇಟ್ಟು ಗುಣಿಸಿದರೆ ಬರುವುದು ಅದರ ಘನ. ಒಂದರ ಘನ ಒಂದು. ಎರಡರದು ಎಂಟು. ಮೂರರದು ಇಪ್ಪತ್ತೇಳು. ನಾಲ್ಕರದು ಅರುವತ್ತನಾಲ್ಕು. ಇವನ್ನು ಕೂಡಿದರೆ ನೂರು. ಹತ್ತು ಹತ್ತಲೆ ನೂರು. ಅಂದರೆ ಅದು ಸರಿಯಾದ ಒಂದು ಚೌಕ. ಮೂರಕ್ಕೆ ನಿಲ್ಲಿಸಿ ಕೂಡಿದರೂ ಚೌಕ. ಐದಕ್ಕೆ ನಿಲ್ಲಿಸಿದರೂ ಚೌಕ. ಏಕೆ?

ಮೀಸೆ ಬಂದವರೆಲ್ಲ ಕೂಡಿ ನೋಡಿದರು. ಚೌಕವೇ ಬಂತು. ಏಕೆಂದು ಯಾರೂ ಹೇಳಲಿಲ್ಲ. ಆಗ ಹಿಂದೆ ಕೂತಿದ್ದ ಹೊಸ ಹುಡುಗ ಎದ್ದು ಬಂದ. ಮಡಿಲಿನಿಂದ ಹುಣಸೆಬೀಜ ತೆಗೆದು ಮರಳಿನ ಮೇಲೆ ಜೋಡಿಸತೊಡಗಿದ. ಗುರುಗಳು ಬಗ್ಗಿ ನೋಡಿದರು. ಬಗ್ಗಿದವರು ಏಳಲೇ ಇಲ್ಲ.

ಅಷ್ಟರಲ್ಲಿ ಮುದುಕ ಕುಡಿಯುವ ನೀರು ತಂದ. ಅವನ ಮೀಸೆ ಬಲಕ್ಕೆ ಬಿಳಿ, ಎಡಕ್ಕೆ ಕಪ್ಪು.

ಗುರುಗಳು ಮುದುಕನನ್ನು ನೋಡಿದರು. ಹೊಸ ಹುಡುಗನನ್ನು ನೋಡಿದರು. ಬೆವರಿಗೆ ಅವನ ಮೀಸೆ ಕೆನ್ನೆಯವರೆಗೆ ಹರಿದಿತ್ತು. ಗುರುಗಳು ನಕ್ಕರು. ಹೆಂಡತಿ ತೀರಿಕೊಂಡ ಮೇಲೆ ಅವರು ನಕ್ಕದ್ದನ್ನು ಶಿಷ್ಯರು ಕಂಡಿರಲಿಲ್ಲ. ಅವರು ಕಣ್ಣಿನಲ್ಲಿ ನೀರು ಬರುವ ತನಕ ನಕ್ಕರು. ಶಿಷ್ಯರೂ ನಕ್ಕರು. ಏಕೆಂದು ತಿಳಿಯದೆ ಮುದುಕನೂ ನಕ್ಕ.

“ಯಾರದಮ್ಮ ಈ ಮೀಸೆ?” ಎಂದು ಗುರುಗಳು ಕೇಳಿದರು.

“ಅಮ್ಮನ ಡಬ್ಬಿಯದು ಗುರುಗಳೇ” ಎಂದಳು ಹುಡುಗಿ. “ಲೆಕ್ಕ ಮಾತ್ರ ನನ್ನದು.”

ಊರಿನ ಹಿರಿಯರು ಸೇರಿದರು. ಅವರಿಗೂ ಸಂತೋಷವಾಗಿತ್ತು. ಸಂತೋಷದಲ್ಲಿ ಮೀಸೆಯ ನಿಯಮವನ್ನೇ ತೆಗೆದುಹಾಕಿದರು. ಮಾರನೆಯ ದಿನ ಬೆಳಿಗ್ಗೆಯೇ ಜವಳಿ ವ್ಯಾಪಾರಿ ತನ್ನ ಮಗನ ಕೈಹಿಡಿದು ಎಳೆದು ತಂದ. “ಗಾಣಿಗರ ಹುಡುಗಿ ಕೂರುವ ಕಡೆ ನನ್ನ ಮಗ ಕೂರಬಾರದೇ?” ಎಂದ. ಬೇಡವೆನ್ನಲು ಈಗ ನಿಯಮವಿರಲಿಲ್ಲ. ವ್ಯಾಪಾರಿಯ ಹಿಂದೆ ಅಕ್ಕಸಾಲಿಗ ಬಂದ. ಅಕ್ಕಸಾಲಿಗನ ಹಿಂದೆ ಊರೇ ಬಂತು.

ವ್ಯಾಪಾರಿಯ ಮಗನಿಗೆ ಮಗ್ಗಿ ಎಂದರೆ ಪ್ರಾಣ. ಅಂಗಳದಲ್ಲಿ ಎಲ್ಲರಿಗಿಂತ ದೊಡ್ಡ ದನಿ ಅವನದು. ಮೇಲಿನ ಶಾಲೆಯಲ್ಲಿ ಅವನಿಗೆ ಒಂದಕ್ಷರವೂ ತಿಳಿಯಲಿಲ್ಲ. ತಿಳಿಯಲಿಲ್ಲ ಎನ್ನಲು ಅಪ್ಪನ ಹೆದರಿಕೆ. ದಿನ ಕಳೆದಂತೆ ಅವನ ದನಿ ಸಣ್ಣದಾಯಿತು. ಒಂದು ದಿನ ಏಳೆಂಟಲೆ ಎಷ್ಟೆಂದು ಯಾರೋ ಕೇಳಿದರೆ ತಡವರಿಸಿ ಅತ್ತ. ಗಾಣಿಗನ ಮಗಳಿಗೋ ಲೆಕ್ಕವೆಲ್ಲ ತಿಳಿಯುತ್ತಿತ್ತು. ಆದರೆ ಸಂಜೆ ಅವಳು ಅಂಗಳ ದಾಟುವಾಗ ಮಕ್ಕಳು, “ದಾರಿ ಬಿಡಿ, ಮೀಸೆ ಪಂಡಿತರು ಬಂದರು” ಎನ್ನುತ್ತಿದ್ದರು. ಆಟಕ್ಕೆ ಕರೆಯುತ್ತಿರಲಿಲ್ಲ.

ಹಿರಿಯರು ಮತ್ತೆ ಸೇರಿದರು. “ಹಳೆಯ ನಿಯಮವೇ ಸರಿ” ಎಂದರು. ಮುದುಕ ಹೆಬ್ಬೆರಳು ತೊಳೆದುಕೊಂಡು ಸಿದ್ಧನಾದ.

ಮೇಲಿನ ಶಾಲೆಯ ಗುರುಗಳು ಎದ್ದು ಹೋಗಿ, ಮುಚ್ಚಿದ್ದ ಕಿಟಕಿಯನ್ನು ತೆರೆದರು. ಅದರ ಆಚೆಗೆ ಒಂದು ಜಗುಲಿಯಿತ್ತು. ಇಷ್ಟು ವರ್ಷ ಅದರ ಮೇಲೆ ಚಪ್ಪಲಿ ಬಿಡುತ್ತಿದ್ದರು.

“ಬಾಗಿಲಿನ ನಿಯಮ ಬಾಗಿಲಿಗಿರಲಿ” ಎಂದರು ಗುರುಗಳು. “ಜಗುಲಿಗೆ ಯಾವ ಮಗುವೂ ಬರಬಹುದು, ಆದರೆ ತನ್ನ ಕಾಲಿನಲ್ಲಿ ತಾನೇ ಬರಬೇಕು. ಯಾರಾದರೂ ಕೈಹಿಡಿದು ತಂದರೆ ಮಾತ್ರ ನಾನು ಹಿಂದೆ ಕಳುಹಿಸುತ್ತೇನೆ. ಕೂತು ಕೇಳಲಿ. ಸಾಕೆನಿಸಿದರೆ ಎದ್ದು ಹೋಗಲಿ. ಏಕೆ ಹೋದೆ ಎಂದು ತಂದೆಯೂ ಕೇಳಬಾರದು, ನಾನೂ ಕೇಳುವುದಿಲ್ಲ. ಮತ್ತೆ ಬಂದರೆ, ಏಕೆ ಬಂದೆ ಎಂದೂ ಕೇಳುವುದಿಲ್ಲ. ಕಿಟಕಿಯಿಂದ ಒಂದು ಪ್ರಶ್ನೆ ಒಳಗೆ ಬಂದ ದಿನ, ಆ ಮಗುವನ್ನು ನಾನೇ ಹೊರಗೆ ಹೋಗಿ ಕರೆತರುತ್ತೇನೆ.”

“ಎಂಥ ಪ್ರಶ್ನೆ?” ಎಂದು ವ್ಯಾಪಾರಿ ಕೇಳಿದ. ಮಗನಿಗೆ ಬಾಯಿಪಾಠ ಮಾಡಿಸುವ ಯೋಚನೆ ಅವನದು.

“ನನಗೆ ಆ ರಾತ್ರಿ ನಿದ್ದೆ ಬರಬಾರದು, ಅಂಥದು.”

ಗಾಣಿಗ ಕೈಮುಗಿದು ನಿಂತಿದ್ದ. “ಸ್ವಾಮಿ, ಹಾಗಾದರೆ ನನ್ನ ಎತ್ತಿನ ಹಿಂದೆ ಯಾರು ನಡೆಯುವುದು?”

“ಮೀಸೆ ಬಂದವರು, ಸರದಿಯ ಮೇಲೆ” ಎಂದರು ಗುರುಗಳು. “ನಡೆಯುತ್ತ ಲೆಕ್ಕ ಮಾಡಿದರೆ ಅವರಿಗೂ ಸ್ವಲ್ಪ ಬುದ್ಧಿ ಬಂದೀತು.” ಹಾಗೇ ಆಯಿತು. ಆ ಊರಿನ ಗ್ರಹಣದ ಲೆಕ್ಕದಲ್ಲಿ ಆಮೇಲೆ ಎಷ್ಟೋ ಕಾಲ ಎಳ್ಳೆಣ್ಣೆಯ ವಾಸನೆಯಿತ್ತಂತೆ.

ಗುರುಗಳು ಇನ್ನೊಂದು ಮಾತನ್ನೂ ಹೇಳಿದ್ದರು. ಒಳಗೆ ಕರೆಸಿಕೊಂಡ ಮಗು ಎಷ್ಟೇ ಜಾಣವಾಗಿರಲಿ, ಸಂಜೆ ಅಂಗಳಕ್ಕೆ ಇಳಿದು ಎಲ್ಲರ ಜೊತೆ ಮಗ್ಗಿ ಹೇಳಬೇಕು. ಮೊದಲ ಸಂಜೆ ಗಾಣಿಗನ ಮಗಳು ಸಾಲಿನ ತುದಿಯಲ್ಲಿ ಕೂತಳು. ಯಾರೂ ಅವಳ ಕಡೆ ನೋಡಲಿಲ್ಲ. ಎಲ್ಲರೂ ಹೇಳಿ ಮುಗಿಸಿದ ಮೇಲೆ ಅವಳು ಒಬ್ಬಳೇ ಶುರು ಮಾಡಿದಳು: ಒಂದರ ಘನ ಒಂದು, ಎರಡರ ಘನ ಎಂಟು. ಅಂಥ ಮಗ್ಗಿಯನ್ನು ಅಂಗಳ ಕೇಳಿರಲಿಲ್ಲ. ಸಾಲಿನ ಇನ್ನೊಂದು ತುದಿಯಿಂದ ಒಂದು ದೊಡ್ಡ ದನಿ ಅವಳ ದನಿಗೆ ಕೂಡಿಕೊಂಡಿತು. ಅದು ವ್ಯಾಪಾರಿಯ ಮಗನ ದನಿ. ಆ ಬೆಳಿಗ್ಗೆ ಅವನು ಜಗುಲಿಯ ಮೇಲೆ ಸ್ವಲ್ಪ ಹೊತ್ತು ಕೂತಿದ್ದ. ಸಾಕೆನಿಸಿ ಎದ್ದು ಓಡಿದ್ದ. ಯಾರೂ ಏನೂ ಕೇಳಿರಲಿಲ್ಲ.

ಮುಂದೆ ಒಂದು ದಿನ ಅವನು ತಾನಾಗಿಯೇ ಬಂದು ಜಗುಲಿಯ ಮೇಲೆ ಕೂತ. ಆಗಲೂ ಅವನಿಗೆ ಮೀಸೆ ಬಂದಿರಲಿಲ್ಲ. ಅಂದು ಅವನ ಪ್ರಶ್ನೆಯೊಂದು ಕಿಟಕಿಯಿಂದ ಒಳಗೆ ಬಂತು. ಗುರುಗಳು ಕರೆಯಲು ಹೊರಗೆ ಹೋದಾಗ, ಅವರಿಗಿಂತ ಮೊದಲು ಮುದುಕ ಎದ್ದು ಬಾಗಿಲು ತೆರೆದು ಹಿಡಿದಿದ್ದ.

ಕತೆ ಮುಗಿಯಿತು. ವಾಮನಮೂರ್ತಿ ಹೇಳಿದ: “ಕತೆ ಚೆನ್ನಾಗಿದೆ ಗುರುಗಳೇ. ಆದರೆ ನಾಳೆ ನಾನು ಬರೆದು ಕೊಡಬೇಕಾದದ್ದು ಒಂದು ವಯಸ್ಸು. ಎಷ್ಟೆಂದು ಬರೆಯಲಿ? ಆ ಹುಡುಗಿ ಬೀಜಗಳನ್ನು ಹೇಗೆ ಜೋಡಿಸಿದಳೆಂದೂ ನೀವು ಹೇಳಲಿಲ್ಲ.”

“ನಾನು ಕತೆ ಹೇಳಿದ್ದು ನಿನಗಲ್ಲ ವಾಮನ; ಕಿಟಕಿ ತೆರೆದಿತ್ತು” ಎಂದರು ಗುರುಗಳು.

ವಾಮನಮೂರ್ತಿ ಎದ್ದು ಹೊರಗೆ ಬಂದ. ಮಲ್ಲಿಕಾ ಜಗುಲಿಯ ಮೇಲೆ ಇರಲಿಲ್ಲ. ಬೀದಿಯಲ್ಲಿ ಮಕ್ಕಳು ಕುಂಟೆಬಿಲ್ಲೆ ಆಡುತ್ತಿದ್ದರು. ಅವರ ನಡುವೆ ಅವಳು ಒಂಟಿ ಕಾಲಿನಲ್ಲಿ ನಿಂತು, “ನಾನು ಗೆರೆ ತುಳಿದಿಲ್ಲ, ಬೇಕಾದರೆ ಬಂದು ನೋಡಿ” ಎಂದು ಜಗಳವಾಡುತ್ತಿದ್ದಳು.

ಜಗುಲಿಯ ಮೇಲೆ ಹುಣಸೆಬೀಜಗಳ ಒಂದು ಚೌಕವಿತ್ತು. ಅದರ ಒಂದು ಮೂಲೆಯಲ್ಲಿ ಒಂಟಿ ಬೀಜ, ಬೆರಳಗಲ ಜಾಗ ಬಿಟ್ಟು ಅದನ್ನು ಎರಡು ಬದಿಯಿಂದ ಬಳಸಿ ಎರಡು ಸಾಲಿನ ಎಂಟರ ಅಂಚು, ಆಮೇಲೆ ಮೂರು ಸಾಲಿನ ಇಪ್ಪತ್ತೇಳರ ಅಂಚು, ಆಮೇಲೆ ನಾಲ್ಕು ಸಾಲಿನ ಅರುವತ್ತನಾಲ್ಕರದು. ಒಂದೊಂದು ಬದಿಗೂ ಹತ್ತು ಬೀಜಗಳಿದ್ದವು.