ಯೋಚಿಸುವ ಚಕ್ರ

ನೀರಿನ ಬಿಲ್ಲಿನ ಕಚೇರಿಗೆ ಹೊಸ ನಿರ್ದೇಶಕರಾಗಿ ಬಂದ ಪದ್ಮರಾಜರು ಹಿರಿಯ ಪ್ರೋಗ್ರಾಮರ್ ಐರಿನ್ ಬಾಯಿಯ ಕಂಪ್ಯೂಟರಿನ ಕಪ್ಪು ಪರದೆ ನೋಡಿ ಮೂಗು ಮುರಿದರು.

"ಇನ್ನೂ ಆ ಮುದಿ ಕೋಬಾಲ್ ಭಾಷೆಯೇ?"

"ಒತ್ತಿದ ಕೂಡಲೇ ಉತ್ತರ ಕೊಡ್ತದೆ ಸರ್."

"ಸೋಮವಾರ ಹೊಸ ಸಾಫ್ಟ್‌ವೇರ್ ಇರಬೇಕು. ಇಲ್ಲದಿದ್ದರೆ ಅದರ ಜೊತೆ ನೀವೂ ಮನೆಗೆ ಹೋಗಿ!"

ಐರಿನ್ ಬಾಯಿ ಹಳೆಯ ಕೋಬಾಲ್ ಪ್ರೋಗ್ರಾಮನ್ನು ಮುಟ್ಟಲಿಲ್ಲ. ಅದರ ಮುಂದೆ ನೀಲಿ ಬಣ್ಣದ ಹೊಸ ಪರದೆ ಎಳೆದು, ಗುಂಡಿ ಒತ್ತಿದರೆ ಅದರಲ್ಲಿ ಚಕ್ರವೊಂದು ಸ್ವಲ್ಪ ಹೊತ್ತು ತಿರುಗುವಂತೆ ಮಾಡಿದರು. ಕೋಬಾಲ್ ಕೊಟ್ಟ ಉತ್ತರ ಆಗಲೇ ಹಿಂದೆ ಸಿದ್ಧವಾಗಿ, ಚಕ್ರ ನಿಲ್ಲುವುದನ್ನೇ ಕಾಯುತ್ತಿತ್ತು.

ಸೋಮವಾರ ನಿರ್ದೇಶಕರು ಗುಂಡಿ ಒತ್ತಿದರು. ಚಕ್ರ ತಿರುಗಿತು.

"ಏನು ಮಾಡ್ತಿದೆ ಇದು?"

"ಯೋಚಿಸ್ತಾ ಉಂಟು ಸರ್. ಹಳೆಯದಕ್ಕೆ ಈ ಅಭ್ಯಾಸವೇ ಇರಲಿಲ್ಲ."

"ನೋಡಿದಿರಾ! ಸಾಫ್ಟ್‌ವೇರ್ ಅಂದರೆ ಇದು!" ಎಂದು ಬೀಗಿದ ನಿರ್ದೇಶಕರು ಮೆಲ್ಲನೆ ದನಿ ತಗ್ಗಿಸಿದರು. "ನಾಳೆ ಮಂತ್ರಿಗಳು ಬರ್ತಾರೆ. ಇನ್ನೂ ಸ್ವಲ್ಪ ಹೊತ್ತು ಯೋಚಿಸೋ ಹಾಗೆ ಮಾಡೋಕಾಗುತ್ತಾ?"