ಮೆಟ್ಟಿಲ ಮೇಲಿನ ಕ್ಲಾಸು

ಜಿಮ್ ವಾಚ್‌ಮನ್ ನಾನು. ನನ್ನಂಥ ತಲೆ ತುಮಕೂರಲ್ಲೇ ಇಲ್ಲ. ಒಂದಿನ ಬೆಳಗಿನ ಜಾವ ಲಿಫ್ಟ್ ಕೆಟ್ಟೋಯ್ತು. ಓನರ್ ಮದನ್ ಬಂದು, "ತಾತ, ಏಳು ಗಂಟೆಯೊಳಗೆ ಈ ಇಪ್ಪತ್ತು ಕ್ಯಾನ್ ನೀರು ನಾಲ್ಕನೇ ಮಹಡಿ ಜಿಮ್ಮಲ್ಲಿರ್ಬೇಕು, ಇಲ್ಲಾಂದ್ರೆ ಕೆಲಸ ಬಿಡು" ಅಂದ.

ಅವನು ಮಾಡ್ಸೋ ಕ್ಲಾಸು ದಿನಾ ನೋಡ್ತಿದ್ನಲ್ಲ. ಸೀಟಿ ಊದಿದ್ರೆ ನಲವತ್ತು ಸೆಕೆಂಡ್ ಜೀವ ಹೋಗೋ ಹಂಗೆ ಕುಣಿಯೋದು, ಮತ್ತೆ ಊದಿದ್ರೆ ಇಪ್ಪತ್ತು ಸೆಕೆಂಡ್ ಸುಮ್ನೆ ನಿಲ್ಲೋದು. ಬೆಳಗಿನ ಬ್ಯಾಚ್‌ನೋರು ಬಂದ ತಕ್ಷಣ, "ಇವತ್ತು ಕ್ಲಾಸು ಮೆಟ್ಟಿಲ ಮೇಲೆ, ಆಳಿಗೊಂದು ಕ್ಯಾನು" ಅಂದೆ. ಸೀಟಿ ಊದಿದೆ, ಹತ್ತಿದ್ರು. ಮತ್ತೆ ಊದಿದೆ, ನಿಂತ್ರು. "ಇಂಥಾ ಕ್ಲಾಸು ಮಾಡೇ ಇರ್ಲಿಲ್ಲ ಕಣ್ರೀ" ಅಂತ ನಗ್ತಾ ಇನ್ನೊಂದು ಕ್ಯಾನಿಗೆ ಓಡಿಬಂದ್ರು.

ಮದನ್ ಬೈಯೋಕಂತ ಬಂದ. ಅವರೆಲ್ಲ, "ಸಾರ್, ನೀವೂ ಬನ್ನಿ" ಅಂದ್ರು. ಮಾನಕ್ಕೆ ಹೆದರಿ ಕೊನೇ ಕ್ಯಾನ್ ಹೆಗಲಿಗೇರಿಸ್ದ. ಮೂರನೇ ಮಹಡೀಲಿ ಏದುಸಿರು ಬಿಡ್ತಾ, "ಸೀಟಿ ಊದು ತಾತ" ಅಂದ.

"ಇನ್ನೂ ಹತ್ತು ಸೆಕೆಂಡ್ ಇದೆ ಸಾರ್, ನಡೀರಿ" ಅಂದೆ.