ಉರಿಯ ಅಂಚು

"ಗುರುಗಳೇ, ಗಣಕದಲ್ಲಿ ಲೇಸರ್ ಬೆಳಕನ್ನು ಒಂದು ನೆಟ್ಟನೆಯ ಗೆರೆಯೆಂದು ಬರೆದುಬಿಟ್ಟರೆ ತಪ್ಪೇನು?" ಎಂದು ಇಂದುಧರ ಕೇಳಿದ.

ಅವನು ಕಟ್ಟಿದ ತಂತ್ರಾಂಶ ಬೆಳಕಿನ ಕಣಗಳನ್ನು ಒಂದೊಂದಾಗಿ ಚರ್ಮದೊಳಗೆ ಬಿಟ್ಟು, ಅವು ಎಲ್ಲಿಗೆ ಹೋಗಿ ಇಂಗುತ್ತವೆ ಎಂದು ಲೆಕ್ಕ ಹಾಕುತ್ತಿತ್ತು. ಒಬ್ಬ ಹೆಂಗಸಿನ ರೆಪ್ಪೆಯಂಚಿನ ಗಂಟನ್ನು ನಾಡಿದ್ದು ಲೇಸರಿನಿಂದ ಸುಡುವವರಿದ್ದರು. ಎಷ್ಟು ಬೆಳಕು ಬಿಡಬೇಕೆಂದು ತಿಳಿಯಲು ವೈದ್ಯರು ಇವನ ಲೆಕ್ಕವನ್ನೇ ಕಾಯುತ್ತಿದ್ದರು. ಇವನೋ ಎಲ್ಲ ಕಣಗಳನ್ನೂ ಒಂದೇ ಚುಕ್ಕಿಯಿಂದ ನೆಟ್ಟಗೆ ಇಳಿಸಿದ್ದ. ಉಪಕರಣದ ನಿಜವಾದ ಬೆಳಕು ಹಾಗಿರಲಿಲ್ಲ. ನಡುವೆ ದಟ್ಟವಾಗಿ, ಅಂಚಿಗೆ ತೆಳುವಾಗಿ, ಮುಂದೆ ಹೋದಂತೆ ಅಗಲವಾಗುತ್ತಿತ್ತು. ಅದನ್ನು ಅಳೆಯುವುದು ದಿನವಿಡೀ ಹಿಡಿಯುವ ಕೆಲಸ. ಇದ್ದೂ ಇಲ್ಲದಂತಿರುವ ಅಂಚಿನ ಬೆಳಕಿಗೆ ಇಷ್ಟು ಹೆಣಗಬೇಕೇ ಎಂದು ಅವನಿಗೆ ಬೇಸರ ಬಂದಿತ್ತು.

ಗುರುಗಳು ನಕ್ಕರು. "ಆತುರಗಾರನಿಗೆ ಬುದ್ಧಿ ಮಟ್ಟ ಅನ್ನುತ್ತಾರೆ. ಕೂತುಕೋ.

"ಒಬ್ಬ ಅಕ್ಕಸಾಲಿಗನಿದ್ದ. ಕೈಚಳಕದವನು, ತಲೆಯೂ ಚುರುಕು. ಮದುವೆ ಗೊತ್ತಾದ ಹುಡುಗಿಯೊಬ್ಬಳು ತೀರಿಹೋದ ತಾಯಿಯ ಮೂಗುಬೊಟ್ಟನ್ನು ಅವನ ಬಳಿ ತಂದಳು. ಮುತ್ತಿನ ಪಕ್ಕದಲ್ಲೇ ಬೆಸುಗೆ ಬಿಟ್ಟಿತ್ತು. 'ಅಮ್ಮನದು ಅಂತ ಉಳಿದಿರೋದು ಇದೊಂದೇ, ಜೋಪಾನ' ಎಂದಳು.

"ಇಂಥ ಬೆಸುಗೆಗೆ ಮುಂಚೆ, ಬಿಸಿ ತಾಗದಂತೆ ಮುತ್ತಿಗೆ ಒದ್ದೆ ಮಣ್ಣು ಮೆತ್ತುವುದು ಆ ಕಸುಬಿನ ಪದ್ಧತಿ. ಇವನು ಹಲಗೆಯ ಮೇಲೆ ಮೂಗುಬೊಟ್ಟು ಬರೆದ. ಊದುಗೊಳವೆಯ ಉರಿಯನ್ನು ಒಂದು ಗೆರೆಯಾಗಿ ಎಳೆದ. ಗೆರೆ ಬೆಸುಗೆಗೆ ಮುಟ್ಟಿತು, ಮುತ್ತಿಗೆ ಮುಟ್ಟಲಿಲ್ಲ. ಮತ್ತೆ ಮಣ್ಣು ಯಾಕೆ, ಹಿರಿಯರಿಗೆ ಮಾಡಲು ಬೇರೆ ಕೆಲಸವಿರಲಿಲ್ಲ ಎಂದುಕೊಂಡ. ಹಾಗೇ ಕೊಳವೆ ಊದಿದ. ಬೆಸುಗೆ ಚೆನ್ನಾಗಿಯೇ ಕೂತಿತು. ಮುತ್ತು ಕಪ್ಪಾಗಿತ್ತು. ಹುಡುಗಿ ಅದನ್ನು ಅಂಗೈಯಲ್ಲಿಟ್ಟುಕೊಂಡು ಅತ್ತಳು. ಅವನು ತನ್ನದೇನೂ ತಪ್ಪಿಲ್ಲವೆಂದು ಹಲಗೆ ತೋರಿಸಿದ. ಅವಳು ಅತ್ತ ತಿರುಗಿಯೂ ನೋಡಲಿಲ್ಲ."

ಇಂದುಧರನಿಗೆ ಆ ಹುಡುಗಿಯ ಬಗ್ಗೆ ಅಯ್ಯೋ ಅನ್ನಿಸಿತು. ಆದರೂ ಹಿಡಿದ ಮಾತು ಬಿಡಲಿಲ್ಲ. "ಉರಿಯ ಅಂಚಿನಲ್ಲಿ ಎಷ್ಟು ಮಹಾ ಬಿಸಿ ಇದ್ದೀತು? ಅದರಿಂದ ಒಂದು ಎಳೆ ಚಿನ್ನವೂ ಕರಗುವುದಿಲ್ಲವಲ್ಲ, ಗುರುಗಳೇ?"

ಗುರುಗಳ ಮುಖದ ನಗು ಮಾಯವಾಗಿತ್ತು.

"ಚಿನ್ನಕ್ಕೆ ಸಾಲದ ಬಿಸಿ ಮುತ್ತಿಗೆ ಸಾಕಾಯಿತು, ನಾಡಿದ್ದು ಆ ಮುತ್ತಿನ ಜಾಗದಲ್ಲಿರುವುದು ಕಣ್ಣು."